ಬೆಳ್ಳಿ ಬಿಟ್ಟುಹೋದ ಕಳ್ಳರು

ಪೂರ್ವಿಕರು ಬಿಟ್ಟುಹೋದ ಸಂಪತ್ತನ್ನು ಜೋಪಾನ ಮಾಡಿ ಮುಂದಿನವರ ಕೈಗೆ ದಾಟಿಸುವುದು ಪ್ರತಿಯೊಂದು ತಲೆಮಾರಿನ ಪವಿತ್ರ ಹೊಣೆ. ಚಿತ್ರದುರ್ಗದಲ್ಲಿ ನಮ್ಮ ತಲೆಮಾರು ಆ ಹೊಣೆಯನ್ನು ಒಬ್ಬ ವಾಚ್‌ಮನ್‌ಗೆ ವಹಿಸಿಕೊಟ್ಟಿತ್ತು. ಅವನಿಗೆ ಮಧ್ಯಾಹ್ನ ಮುದ್ದೆ ಉಂಡ ಮೇಲೆ ಕಣ್ಣು ಎಳೆಯುತ್ತಿತ್ತು.

ಅವನ ಮೇಲಧಿಕಾರಿ ನಾನು. ಮೇಲಧಿಕಾರಿ ಎಂದರೆ ದೊಡ್ಡದೇನೂ ಅಲ್ಲ. ಹಳೆಯ ಹತ್ತಿ ಮಿಲ್ಲೊಂದರ ಗೋದಾಮಿನಲ್ಲಿ ಖಾಸಗಿ ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ವಸ್ತುಸಂಗ್ರಹಾಲಯದ ಮೇಲ್ವಿಚಾರಕ. ಕೋಟೆ ನೋಡಲು ಬಂದ ಶಾಲಾ ಬಸ್ಸುಗಳು ದಾರಿ ತಪ್ಪಿದಾಗ ನಮ್ಮ ಗೇಟಿಗೆ ಬರುತ್ತಿದ್ದವು. ಒಳಗೆ ವೀರಗಲ್ಲುಗಳಿದ್ದವು, ತುಕ್ಕು ಹಿಡಿದ ಕತ್ತಿಗಳಿದ್ದವು, ಯಾರೋ ಪಾಳೆಯಗಾರನದೆಂದು ನಾವು ನಂಬಿಕೊಂಡಿದ್ದ ಒಂದು ಕಾಲಿನ ಚಪ್ಪಲಿಯೂ ಗಾಜಿನ ಪೆಟ್ಟಿಗೆಯಲ್ಲಿತ್ತು. ಇನ್ನೊಂದು ಚಪ್ಪಲಿಯನ್ನು ಕಳ್ಳರು ಒಯ್ದರೆಂದು ವಾಚ್‌ಮನ್ ಮಕ್ಕಳಿಗೆ ಹೇಳುತ್ತಿದ್ದ. ಒಂದೇ ಚಪ್ಪಲಿ ಕದ್ದವನು ಅದನ್ನಿಟ್ಟುಕೊಂಡು ಏನು ಮಾಡಿಯಾನು ಎಂದು ಯಾವ ಮಗುವೂ ಕೇಳಲಿಲ್ಲ. ಅವರ ಜೊತೆಗೆ ಬಂದ ಮೇಷ್ಟರುಗಳೂ ಕೇಳಲಿಲ್ಲ.

ವಾಚ್‌ಮನ್ ಊರಿನ ಹಳೆಯ ಮುಸ್ಲಿಂ ಮನೆತನದವನು. ಅವನ ಅಜ್ಜಂದಿರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಬಂದು ಕಲಾಯಿ ಹೋಯಿತು, ಇವನು ಇತಿಹಾಸಕ್ಕೆ ಬಂದ. ಲಾಠಿ ಕೊಟ್ಟಿದ್ದೆವು. ಅದರಲ್ಲಿ ಮಾಡಿನ ಜೇಡರಬಲೆ ತೆಗೆಯುತ್ತಿದ್ದ.

ಹೀಗಿರುವಾಗ ಸುತ್ತಲಿನ ತಾಲ್ಲೂಕುಗಳ ಗುಡಿಗಳಲ್ಲಿ ಕಳವು ಶುರುವಾಯಿತು. ಹುಂಡಿ ಒಡೆಯುವ ಪುಡಿಗಳ್ಳರ ಕಥೆ ಹಳೆಯದು, ಇದು ಅದಲ್ಲ. ಹೋದದ್ದು ವಿಗ್ರಹಗಳು. ಟ್ರಸ್ಟಿನವರು ಗಾಬರಿಯಾಗಿ, ಇಂಥ ಪ್ರಕರಣಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಪೊಲೀಸ್ ಅಧಿಕಾರಿಯೊಬ್ಬರನ್ನು ಕರೆಸಿ ನಮಗೆ ಉಪನ್ಯಾಸ ಕೊಡಿಸಿದರು. ಅವರು ಹೇಳಿದ್ದು ಇಷ್ಟು: ದೂರದಲ್ಲೆಲ್ಲೋ ಒಬ್ಬನಿಗೆ ಒಂದು ವಿಗ್ರಹ ಬೇಕೆನಿಸುತ್ತದೆ. ಅವನು ಇನ್ನೊಬ್ಬನಿಗೆ ಹೇಳುತ್ತಾನೆ, ಆ ಇನ್ನೊಬ್ಬ ಮತ್ತೊಬ್ಬನಿಗೆ. ಕೊನೆಗೆ ನಿಮ್ಮೂರಿಗೆ ಬರುವವರು ಇಸ್ತ್ರಿ ಅಂಗಿ ಹಾಕಿಕೊಂಡು, ಕಾರಿನಲ್ಲಿ, ಸಂಶೋಧಕರೆಂದು ಹೇಳಿಕೊಂಡು ಬರುತ್ತಾರೆ. ಎತ್ತುವವರು ಬೇರೆ, ಸಾಗಿಸುವವರು ಬೇರೆ. ಒಬ್ಬನನ್ನು ಹಿಡಿದರೆ ಅವನಿಗೆ ಪಕ್ಕದವನಷ್ಟೇ ಗೊತ್ತಿರುತ್ತಾನೆ. ಇದಕ್ಕೆ ಮದ್ದು ಒಂದೇ, ಫೋಟೋ. ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ, ಪಕ್ಕಕ್ಕೊಂದು ಅಳತೆಪಟ್ಟಿ ಇಟ್ಟು ತೆಗೆದ ಫೋಟೋ. ಅದಿಲ್ಲದೆ ವಿಗ್ರಹ ಕಳೆದರೆ, ಸಿಕ್ಕರೂ ಅದು ನಿಮ್ಮದೆನ್ನಲು ಸಾಕ್ಷಿಯಿಲ್ಲ.

ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ವಾಚ್‌ಮನ್ ಕೈ ಎತ್ತಿದ. “ಸಾರ್, ಕಳ್ರು ಟಿಪ್‌ಟಾಪಾಗಿ ಕಾರಾಗೆ ಬರ್ತಾರೆ ಅಂದ್ರಿ. ಹಂಗಾದ್ರೆ ನಮ್ಮ ಟ್ರಸ್ಟಿನೋರು ಬಂದಾಗ ಗೇಟು ತೆಗೀಬೇಕೋ ಬ್ಯಾಡ್ವೋ?”

ಸಭೆ ಅಲ್ಲಿಗೆ ಮುಗಿದು ಬಜ್ಜಿ ಬಂತು.

ಸುತ್ತಲ ಹಳ್ಳಿಗಳ ವಿಗ್ರಹಗಳ ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಸಂತೆಬೀದಿಯ ಸ್ಟುಡಿಯೋದವನೊಬ್ಬನನ್ನು ಜೊತೆ ಮಾಡಿಕೊಂಡು ಊರೂರು ತಿರುಗಿದೆ. ಹೊಸದುರ್ಗದ ಕಡೆ, ತೆಂಗಿನ ತೋಟ ಮುಗಿದು ಬಯಲು ಹೊಲ ಶುರುವಾಗುವಲ್ಲಿ ಒಂದು ಊರು. ಅಲ್ಲಿನ ಊರಮ್ಮ ಪಂಚಲೋಹದವಳು, ಕಂಕುಳಲ್ಲಿ ಎತ್ತಿಕೊಳ್ಳುವಷ್ಟು ಎತ್ತರ ಎಂದು ಕೇಳಿದ್ದೆ. ಕೇಳಿದ್ದೆನೇ ಹೊರತು ನೋಡಿದವರು ಯಾರೂ ಸಿಗಲಿಲ್ಲ. ಏಕೆಂದರೆ ಅವಳು ಸದಾ ಸೀರೆಯುಟ್ಟು, ಬೆಳ್ಳಿಯ ಮುಖವಾಡ ಹಾಕಿಕೊಂಡು, ಹೂವಿನೊಳಗೆ ಮುಳುಗಿರುತ್ತಿದ್ದಳು. ನಸುಕಿನಲ್ಲಿ ಪೂಜಾರಿ ಬಾಗಿಲು ಹಾಕಿಕೊಂಡು ಮೀಸುತ್ತಾನೆ, ಉಡಿಸುತ್ತಾನೆ, ಆಮೇಲೆ ಬಾಗಿಲು ತೆಗೆಯುತ್ತಾನೆ. ಉಡದ ಅಮ್ಮನನ್ನು ಅವನ ಹೊರತು ಯಾರೂ ನೋಡುವಂತಿಲ್ಲ. ನೋಡಿದ್ದನ್ನು ಅವನು ಹೆಂಡತಿಗೂ ಹೇಳುವಂತಿಲ್ಲ. ಅವನ ಅಪ್ಪ ಹೋದ ಮೇಲೇ ಅವನೂ ಮೊದಲ ಸಲ ನೋಡಿದ್ದು.

ನಾನು ಉಪನ್ಯಾಸದ ಧಾಟಿಯಲ್ಲೇ ವಿವರಿಸಿದೆ. ಊರಿನ ಯಜಮಾನ ಗೌಡರು, ಭಾರೀ ಮೀಸೆಯವರು, ಮಂಡಿನೋವಿನವರು, ಗುಡಿಯ ಜಗಲಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು.

“ಎಲ್ಲಾ ಸರಿ. ಫೋಟೋ ತಕ್ಕಳ್ರಿ. ಯಾರು ಬ್ಯಾಡ ಅಂದ್ರು?” ಎಂದರು.

“ಸೀರೆ, ಮುಖವಾಡ ತೆಗೆದು ತೆಗೀಬೇಕು.”

ಜಗಲಿಯ ಮೇಲಿದ್ದವರೆಲ್ಲ ಗೌಡರ ಕಡೆ ತಿರುಗಿದರು.

“ನೀವು ಓದಿದೋರು, ವಯಸ್ಸಾದೋರು,” ಎಂದರು ಗೌಡರು, ಸಿಟ್ಟಿಲ್ಲದೆ. “ನಿಮ್ಮ ತಾಯೀದು ಹಂಗೆ ಫೋಟೋ ತೆಗಿಸ್ತೀರೇನ್ರಿ, ಕಳುವಾದ್ರೆ ಗುರ್ತಿರ್ಲಿ ಅಂತ?”

ನಾನು ಅಳತೆಪಟ್ಟಿಯನ್ನು ಮಡಿಸಿಕೊಂಡೆ. ಪೂಜಾರಿಯ ಕಡೆ ನೋಡಿದೆ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಹೆಗಲ ಮೇಲೆ ಒದ್ದೆ ಟವೆಲ್ಲು; ತನಗೆ ಸಂಬಂಧವೇ ಇಲ್ಲದ ವಿಷಯವೆಂಬಂತೆ ಹೂವಿನ ತೊಟ್ಟು ಮುರಿಯುತ್ತ ಕೂತಿದ್ದ. ಕೊನೆಗೆ ಸ್ಟುಡಿಯೋದವನು ಊರಮ್ಮನನ್ನು ಇದ್ದಂತೆಯೇ ತೆಗೆದ. ನಿಯಮ ನಿಯಮವೇ ಆದ್ದರಿಂದ ನಾನು ಪಕ್ಕದಲ್ಲಿ ಅಳತೆಪಟ್ಟಿಯನ್ನೂ ಹಿಡಿದೆ. ಹಸಿರು ಅಂಚಿನ ಕೆಂಪು ಸೀರೆ, ಚೆಂಡುಹೂವು, ಬೆಳ್ಳಿಯ ಮುಖ, ಕೆಳಗೆ ಸೆಂಟಿಮೀಟರುಗಳು. ಆಮೇಲೆ ನಮಗೆ ಒತ್ತಾಯ ಮಾಡಿ ಉಪ್ಪಿಟ್ಟು ಹಾಕಿದರು, ಎಳನೀರು ಕೊಟ್ಟರು. ಬೇರೆ ಊರುಗಳಲ್ಲಿಯೂ ಹೀಗೇ ಆಯಿತು. ಎಲ್ಲಾ ಕಡೆ ಊಟ ಸಿಕ್ಕಿತು, ಎಲ್ಲಾ ಕಡೆ ಸೀರೆ ಸಿಕ್ಕಿತು.

ಆ ಬೇಸಿಗೆಯಲ್ಲಿ ಊರಮ್ಮ ಕಳುವಾದಳು.

ನಸುಕಿನಲ್ಲಿ ಅಮ್ಮನನ್ನು ಮೀಯಿಸಲು ಹೋದ ಪೂಜಾರಿಗೆ ಬಾಗಿಲು ತೆರೆದೇ ಕಂಡಿತು. ಬೀಗವನ್ನು ಕತ್ತರಿಸಿ, ತುಂಡುಗಳನ್ನು ಹೊಸಿಲ ಪಕ್ಕದಲ್ಲಿ ಇಟ್ಟಿದ್ದರು. ಒಳಗೆ ಪೀಠದ ಮೇಲೆ ಸೀರೆ ಮಡಿಸಿಟ್ಟಿತ್ತು. ಸೀರೆಯ ಮೇಲೆ ಬೆಳ್ಳಿಯ ಮುಖವಾಡ. ಬೆಳ್ಳಿಯ ಪಾದ, ಬೆಳ್ಳಿಯ ಡಾಬು, ದೀಪದ ಕಂಬ ಎಲ್ಲವೂ ಇದ್ದವು. ಅಮ್ಮ ಮಾತ್ರ ಇರಲಿಲ್ಲ.

ನಾನು ಮಧ್ಯಾಹ್ನದ ಹೊತ್ತಿಗೆ ಹೋದಾಗ ಸಬ್ ಇನ್ಸ್‌ಪೆಕ್ಟರು ಜಗಲಿಯ ಮೇಲೆ ಕೂತಿದ್ದರು. ಅನುಭವಸ್ಥ, ದಣಿದ ಮನುಷ್ಯ. ನಾನು ಹೆಮ್ಮೆಯಿಂದಲ್ಲದಿದ್ದರೂ ಕರ್ತವ್ಯಪ್ರಜ್ಞೆಯಿಂದ ಫೋಟೋ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು, ಒಳಗಿನ ಪೀಠವನ್ನು ನೋಡಿದರು.

“ಸಾರ್, ಈ ಸೀರೆ ಇಲ್ಲೇ ಐತೆ.”

“ಹೌದು.”

“ಈ ಮುಖವಾಡನೂ ಇಲ್ಲೇ ಐತೆ.”

“ಹೌದು.”

“ಅಂದ್ರೆ ಏನೇನು ಕಳುವಾಗಿಲ್ವೋ ಅದರದ್ದೆಲ್ಲ ಫೋಟೋ ಮಡಗಿದೀರಿ. ಒಳ್ಳೇ ಕೆಲಸ ಬಿಡ್ರಿ.”

ಅಷ್ಟರಲ್ಲಿ ಊರು ತನ್ನದೇ ತೀರ್ಮಾನಕ್ಕೆ ಬಂದಾಗಿತ್ತು. ನಮ್ಮ ಕಡೆಯ ಜನಕ್ಕೆ ಕಳ್ಳನೆಂದರೆ ಯಾರೆಂದು ಗೊತ್ತು: ಬೆಳ್ಳಿ ಬಂಗಾರ ಒಯ್ಯುವವನು. ಬೆಳ್ಳಿ ಬಿಟ್ಟವನು ಕಳ್ಳನಾಗಿರಲಾರ. ಸೀರೆ ಮಡಿಸಿದವನಂತೂ ಆಗಿರಲಾರ. ಅಮ್ಮನ ಸೀರೆ ಬಿಚ್ಚುವ, ಮಡಿಸುವ ಕೈ ಊರಿಗೆಲ್ಲ ಒಂದೇ. ಎಲ್ಲರೂ ಪೂಜಾರಿಯ ಕೈ ನೋಡತೊಡಗಿದರು.

ನಾನು ಗೌಡರಿಗೆ ಬಿಡಿಸಿ ಹೇಳಿದೆ. ಇದು ಕಲಾವಸ್ತು ಕದಿಯುವವರ ಗುಂಪು, ಅವರಿಗೆ ಬೇಕಾದದ್ದು ಹಳೆಯ ವಿಗ್ರಹ, ಈಚೆಗೆ ಮಾಡಿಸಿದ ಬೆಳ್ಳಿ ಅವರಿಗೆ ಬರೀ ಭಾರ. ಬಟ್ಟೆ ಮಡಿಸಿಟ್ಟದ್ದು ಭಕ್ತಿಯಿಂದಲ್ಲ, ಅಭ್ಯಾಸದಿಂದ. ಇಂಥವರು ಗಲಾಟೆಯಿಲ್ಲದೆ ಒಪ್ಪವಾಗಿ ಕೆಲಸ ಮಾಡುತ್ತಾರೆ.

“ಬೆಳ್ಳಿ ಬ್ಯಾಡ ಅನ್ನೋ ಕಳ್ಳ ಯಾವ ದೇಶದಾಗವ್ನೆ ತೋರಿಸ್ರಿ,” ಎಂದರು ಗೌಡರು.

“ಬೀಗ ಕತ್ತರಿಸಿದಾರಲ್ಲ? ಪೂಜಾರಿ ಹತ್ರ ಕೀಲಿ ಐತೆ. ಅವನ್ಯಾಕೆ ಕತ್ತರಿಸ್ತಾನೆ?”

“ಕೀಲಿ ಇದ್ದೋನು ಕತ್ತರಿಸಿದ್ರೆ ಯಾರಿಗಾದ್ರೂ ಅನುಮಾನ ಬರ್ತದಾ? ಅದಕ್ಕೇ ಕತ್ತರಿಸಿದಾನೆ.”

ನಾನು ಆ ತರ್ಕವನ್ನು ಅಲ್ಲೇ ಬಿಟ್ಟೆ. ಇನ್ನೊಂದು ದಾರಿ ಹಿಡಿದು, ಈಚೆಗೆ ಹೊಸಬರು ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಬಂದಿದ್ದರು. ಕಾರಿನಲ್ಲಿ ಇಬ್ಬರು, ಗುಡಿಯ ಕಂಬಗಳ ಚಿತ್ರ ಬರೆದುಕೊಳ್ಳುತ್ತೇವೆಂದು ಬಂದವರು. ಗೌಡರೇ ಎಳನೀರು ಕೊಡಿಸಿ, ಬೆಳಗಿನಿಂದ ಸಂಜೆಯವರೆಗೆ ಗುಡಿಯೊಳಗೆ ಬಿಟ್ಟಿದ್ದರು.

“ಅವರು ಕಳ್ರಲ್ಲ ಬಿಡ್ರಿ. ನಿಮ್ಮಂಗೆ ಸೀರೆ ಬಿಚ್ರಿ ಅಂತ ಕೇಳ್ಲೇ ಇಲ್ಲ,” ಎಂದರು ಗೌಡರು. “ನನ್ನ ಮಂಡಿನೋವಿಗೆ ಔಷಧಿ ಬ್ಯಾರೆ ಹೇಳಿ ಹೋದ್ರು.”

ಆ ಇಬ್ಬರು ಕಳ್ಳರೆಂದಾದರೆ ಅವರಿಗೆ ಎಳನೀರು ಕೊಡಿಸಿದವರು ಯಾರು ಎಂಬ ಮಾತು ಬರುತ್ತದೆ. ಪೂಜಾರಿ ಕಳ್ಳನೆಂದಾದರೆ ಆ ಮಾತು ಬರುವುದಿಲ್ಲ. ಗೌಡರು ಇದನ್ನು ಲೆಕ್ಕ ಹಾಕಿ ಮಾಡಿದರೆಂದು ನಾನು ಹೇಳಲಾರೆ. ಮನುಷ್ಯನ ಮನಸ್ಸು ಇಂಥ ಲೆಕ್ಕವನ್ನು ಅವನನ್ನು ಕೇಳದೆಯೇ ಮಾಡಿ ಮುಗಿಸುತ್ತದೆ.

ಪೊಲೀಸರು ಪೂಜಾರಿಯನ್ನು ಕರೆಸಿ ವಿಚಾರಿಸಿದರು, ಏನೂ ಸಿಗಲಿಲ್ಲ, ಬಿಟ್ಟರು. ಊರು ಬಿಡಲಿಲ್ಲ. ಯಾರೂ ಬೈಯಲಿಲ್ಲ, ಬಹಿಷ್ಕಾರವೆಂಬ ದೊಡ್ಡ ಮಾತೂ ಇರಲಿಲ್ಲ. ಬೇರೆ ಪೂಜಾರಿ ತಕ್ಷಣಕ್ಕೆ ಸಿಗದ್ದರಿಂದ ಅವನೇ ಪೂಜೆ ಮಾಡುತ್ತಿದ್ದ. ಮರದ ಪಟ್ಟಿಯೊಂದಕ್ಕೆ ಅದೇ ಸೀರೆ ಉಡಿಸಿ, ಅದೇ ಮುಖವಾಡ ಕಟ್ಟಿ ಪೀಠದ ಮೇಲೆ ನಿಲ್ಲಿಸಿದ್ದರು. ನಾನೊಮ್ಮೆ ಹೋದಾಗ ನೋಡಿದೆ; ನನ್ನ ಫೋಟೋಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮಂಗಳಾರತಿಯಾಯಿತು. ಪೂಜಾರಿ ತೀರ್ಥದ ಬಟ್ಟಲು ಹಿಡಿದು ಈಚೆ ಬಂದ. ಹೆಂಗಸರು ಸೆರಗು ಸರಿ ಮಾಡಿಕೊಂಡರು, ಗಂಡಸರು ಚಪ್ಪಲಿ ಹುಡುಕಿದರು, ಒಬ್ಬರೂ ಕೈ ಒಡ್ಡಲಿಲ್ಲ. ನಾನು ಒಡ್ಡಿದೆ. ಅವನು ನನ್ನ ಅಂಗೈಗೆ ಒಂದರ ಬದಲು ಮೂರು ಉದ್ಧರಣೆ ತೀರ್ಥ ಹಾಕಿದ.

ಇತ್ತ ನಮ್ಮ ವಸ್ತುಸಂಗ್ರಹಾಲಯದ ಭದ್ರತೆ ಬಿಗಿಯಾಯಿತು. ಟ್ರಸ್ಟಿನವರು ಕ್ಯಾಮೆರಾ ಹಾಕಿಸಿದರು. ಅದನ್ನು ಹಾಕಿದ ಎಲೆಕ್ಟ್ರೀಷಿಯನ್ ತಂತಿ ಸಾಲದೆ ಅದರ ಮುಖವನ್ನು ಚಪ್ಪಲಿಯ ಪೆಟ್ಟಿಗೆಯ ಕಡೆಗೇ ತಿರುಗಿಸಿ ಹೋದ. ಹೀಗಾಗಿ ನನ್ನ ಮೇಜಿನ ಮೇಲಿನ ಪರದೆಯಲ್ಲಿ ದಿನವಿಡೀ ಆ ಒಂಟಿ ಚಪ್ಪಲಿಯನ್ನು ನೋಡುವುದು ನನ್ನ ಉದ್ಯೋಗವಾಯಿತು. ಇಸ್ತ್ರಿ ಅಂಗಿಯವರನ್ನು ಅನುಮಾನಿಸಬೇಕೆಂದು ವಾಚ್‌ಮನ್‌ಗೆ ತಾಕೀತಾಗಿತ್ತು. ಅವನು ಒಬ್ಬ ಬ್ಯಾಂಕ್ ಮ್ಯಾನೇಜರ ಟಿಫಿನ್ ಡಬ್ಬಿ ಬಿಚ್ಚಿಸಿ ಚಿತ್ರಾನ್ನವನ್ನು ಪರಿಶೀಲಿಸಿದ. ವೀರಗಲ್ಲಿನ ಅಳತೆ ತೆಗೆಯುತ್ತಿದ್ದ ಕಾಲೇಜಿನ ಉಪನ್ಯಾಸಕರೊಬ್ಬರನ್ನು ಟೀ ಕುಡಿಸುವ ನೆಪದಲ್ಲಿ ಕೂರಿಸಿಕೊಂಡು ನಾನೇ ಅವರ ಕಾಲೇಜಿಗೆ ಫೋನು ಮಾಡಿದೆ. ಉಪನ್ಯಾಸಕರು ನಿಜವಾದವರೇ ಆಗಿದ್ದರು. ಟೀ ಅರ್ಧಕ್ಕೆ ಬಿಟ್ಟು ಹೋದರು, ಮತ್ತೆ ಬರಲಿಲ್ಲ. ಅನುಮಾನಿಸುವುದು ಕಷ್ಟಪಟ್ಟು ಕಲಿಯಬೇಕಾದ ವಿದ್ಯೆಯಲ್ಲ. ನನಗೆ ಅದು ಒಂದು ವಾರದಲ್ಲಿ ಕರಗತವಾಗಿ, ಮನೆಗೆ ಬಂದ ಗ್ಯಾಸಿನವನ ಮೇಲೂ ಪ್ರಯೋಗವಾಗುತ್ತಿತ್ತು.

ಪೂಜಾರಿ ಆಗಾಗ ಹೊಸದುರ್ಗದಿಂದ ಬಸ್ಸು ಹಿಡಿದು ನಮ್ಮಲ್ಲಿಗೆ ಬರತೊಡಗಿದ. ಏನಾದರೂ ಸುದ್ದಿ ಬಂತೇ ಎಂದು ಕೇಳುವುದಕ್ಕೆ. ನನ್ನನ್ನು ಒಂದು ಸಲ ಕೇಳಿ, ಇಲ್ಲವೆಂದ ಮೇಲೆ ಗೇಟಿನ ಬಳಿ ವಾಚ್‌ಮನ್ ಪಕ್ಕದ ಕಲ್ಲುಬೆಂಚಿನಲ್ಲಿ ಕೂರುತ್ತಿದ್ದ. ಆ ಬೆಂಚಿನ ಮಾತು ಕಿಟಕಿಯಿಂದ ನನಗೆ ಕೇಳುತ್ತಿತ್ತು.

“ಕುಂತ್ಕಳ್ರಿ ಪೂಜಾರ್ರೇ. ಬಿಸ್ಲಾಗೆ ಯಾಕೆ ನಿಂತ್ಕಂಡೀರಿ?” ಎನ್ನುತ್ತಿದ್ದ ವಾಚ್‌ಮನ್. “ಚಾ ಕುಡೀರಿ.”

“ನಿಮ್ಮ ಗಿಲಾಸಿನಾಗೆ ಕುಡುದ್ರೆ ಊರಾಗೆ ಇನ್ನೊಂದು ಮಾತು ಬರ್ತದೆ ಸಾಬ್ರೇ.”

“ಬರೋದೆಲ್ಲಾ ಬಂದಾಗೈತಲ್ರೀ. ಇನ್ನೇನು ಉಳ್ದೈತೆ?”

ಪೂಜಾರಿ ನಕ್ಕ. ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚಹಾ ಕುಡಿದ. ಆಮೇಲೆ, “ಕೈ ಒಡ್ಡಲ್ಲ ಕಣ್ರಿ ಯಾರೂ,” ಎಂದ. “ತೀರ್ಥ ಬಟ್ಟಲಾಗೇ ಉಳೀತದೆ. ದಿನಾ ಗಿಡಕ್ಕೆ ಹಾಕ್ತೀನಿ. ಆ ತುಳಸೀನೂ ಒಣಗೋಯ್ತು.”

ವಾಚ್‌ಮನ್ ಅವನ ಖಾಲಿ ಗ್ಲಾಸು ಎತ್ತಿಕೊಂಡ. ಇನ್ನೊಂದು ಚಹಾ ತರಿಸಿದ.

ಮಳೆಗಾಲ ಕಳೆದ ಮೇಲೆ ಹಿರಿಯೂರಿನ ಬೈಪಾಸಿನಲ್ಲಿ ಒಂದು ಲಾರಿ ಸಿಕ್ಕಿತು. ಮೇಲೆ ತೆಂಗಿನ ನಾರಿನ ಮೂಟೆಗಳು. ಮೂಟೆಗಳ ನಡುವೆ ಹಳೆಯ ಕಂಬಳಿಯಲ್ಲಿ ಸುತ್ತಿದ ಪಂಚಲೋಹದ ದೇವಿ. ಚಾಲಕನಿಗೆ ನಾರಿನ ವಿಷಯ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಮೂಟೆ ಹೇರಿದವನು ಯಾರೆಂದರೆ ಒಂದು ಫೋನ್ ನಂಬರು ಕೊಟ್ಟ, ಅದು ಆಗಲೇ ಸತ್ತಿತ್ತು. ನಿವೃತ್ತ ಅಧಿಕಾರಿ ಹೇಳಿದ್ದಂತೆಯೇ ಎಲ್ಲವೂ ನಡೆದಿತ್ತು, ಅಷ್ಟರಮಟ್ಟಿಗೆ ಉಪನ್ಯಾಸ ಸಾರ್ಥಕ.

ನ್ಯಾಯಾಲಯದ ಅನುಮತಿ ಪಡೆದು ದೇವಿಯನ್ನು ನಮ್ಮಲ್ಲಿ ಇಡಿಸಿದರು. ಚಿಕ್ಕ ವಿಗ್ರಹ, ಚೆಲುವಾದ ಕೆಲಸ. ಇಂಥದ್ದೇ ಎತ್ತರದ ಒಬ್ಬ ಅಮ್ಮ ಆ ಬೇಸಿಗೆಯಲ್ಲೇ ಹೊಳಲ್ಕೆರೆ ಕಡೆಯ ಒಂದು ಊರಿನಿಂದಲೂ ಹೋಗಿದ್ದಳು. ಆ ಊರಿನ ಫೋಟೋವೂ ನನ್ನ ಬಳಿಯಿತ್ತು, ನೀಲಿ ಸೀರೆ. ಎರಡೂ ಊರಿನವರನ್ನು ಗುರುತು ಹಿಡಿಯಲು ಕರೆಸಿದರು.

ಹೊಸದುರ್ಗ ಕಡೆಯವರು ಬೆಳಿಗ್ಗೆಯೇ ಟೆಂಪೋದಲ್ಲಿ ಬಂದಿಳಿದರು. ಹಾರ, ಬಾಳೆಕಂದು, ಜೊತೆಗೆ ತಮಟೆಯವರು. ತಮಟೆಯವರನ್ನು ಗೇಟಿನ ಹೊರಗೇ ನಿಲ್ಲಿಸಿದೆ. ಹೊಳಲ್ಕೆರೆ ಕಡೆಯವರು ಟ್ರ್ಯಾಕ್ಟರಿನಲ್ಲಿ ಬಂದರು. ಅವರೂ ತಮಟೆ ತಂದಿದ್ದರು. ಎರಡೂ ಕಡೆಯ ತಮಟೆಯವರು ಪರಸ್ಪರ ನೆಂಟರಂತೆ, ರಸ್ತೆಯಾಚೆ ಕೂತು ಬೀಡಿ ಹಂಚಿಕೊಂಡರು. ಮಿಕ್ಕವರು ಒಬ್ಬರನ್ನೊಬ್ಬರು ನೋಡಲಿಲ್ಲ.

ಮೊದಲನೆಯ ತೊಡಕು ನಾನು ಎಣಿಸಿದ್ದೇ. ಮೇಜಿನ ಮೇಲೆ ದೇವಿ ಬರಿಮೈಯಲ್ಲಿ ನಿಂತಿದ್ದಾಳೆಂದು ತಿಳಿದ ಕೂಡಲೇ ಎರಡೂ ಕಡೆಯವರು ಬಾಗಿಲಿಗೆ ಬೆನ್ನು ಮಾಡಿ ನಿಂತರು. ಈ ಒಂದು ವಿಷಯದಲ್ಲಿ ಪೂರ್ತಿ ಒಮ್ಮತವಿತ್ತು: ಮೊದಲು ಉಡಿಸಬೇಕು, ಆಮೇಲೆ ಗುರುತು ಹಿಡಿಯೋಣ. ಯಾರ ಸೀರೆ ಎಂಬಲ್ಲಿ ಒಮ್ಮತ ಮುಗಿಯಿತು. ಕೆಂಪು ಉಡಿಸಿದರೆ ಕೆಂಪಿನವರದಾಗುತ್ತದೆ ಎಂದು ನೀಲಿಯವರು, ನೀಲಿ ಉಡಿಸಿದರೆ ಪ್ರಾಣ ಬಿಡುತ್ತೇವೆಂದು ಕೆಂಪಿನವರು. ವಾಚ್‌ಮನ್ ಪೇಟೆಗೆ ಹೋಗಿ ಹೊಸ ಅರಿವೆ ತಂದ. ಅರಿಶಿಣದ ಬಣ್ಣದ್ದು.

“ಬಿಳೀದು ತಂದ್ರೆ ಎರಡೂ ಊರೋರು ಒಂದಾಗಿ ನನ್ನ ಹೊಡೀತಾರೆ ಸಾರ್,” ಎಂದ. “ಕೆಂಪೋ ನೀಲೀನೋ ತಂದ್ರೆ ಒಂದೂರೋರು ಹೊಡೀತಾರೆ.”

ಅರಿವೆ ಹೊದಿಸಿದ ಮೇಲೆ ಎಲ್ಲರೂ ಒಳಗೆ ಬಂದು, ಹೊದ್ದುಕೊಂಡ ದೇವಿಯನ್ನು ಭಕ್ತಿಯಿಂದ ನೋಡಿ, ನಮ್ಮದೇ ಎಂದು ಸಾರಿದರು. ಲಾರಿ ಹಿಡಿದ ಇನ್ಸ್‌ಪೆಕ್ಟರು ಹಣೆ ಒತ್ತಿಕೊಂಡರು. ಅಷ್ಟರಲ್ಲಿ ಗೌಡರಿಗೆ ಉಪಾಯ ಹೊಳೆಯಿತು, ಮುಖವಾಡ ಕೂರಿಸಿ ನೋಡೋಣ ಎಂದರು. ಅರಿವೆಯ ಮೇಲೆಯೇ ಮುಖವಾಡ ಇಟ್ಟರು. ಹೊಸದುರ್ಗದ ಮುಖವಾಡ ಸರಿಯಾಗಿ ಕೂತಿತು, ಜಯಕಾರವಾಯಿತು. ಹೊಳಲ್ಕೆರೆಯವರ ಮುಖವಾಡವೂ ಅಷ್ಟೇ ಸರಿಯಾಗಿ ಕೂತಿತು, ಇನ್ನೊಂದು ಜಯಕಾರ. ವಿಚಾರಿಸಿದರೆ ಎರಡನ್ನೂ ಮಾಡಿದ್ದು ಒಬ್ಬನೇ ಅಕ್ಕಸಾಲಿ, ಒಂದೇ ಅಚ್ಚಿನಲ್ಲಿ.

“ಇದನ್ನ ಕಟ್ಟಿದ್ರೆ ನನಗೂ ಕೂರ್ತದೆ ಬಿಡ್ರಿ,” ಎಂದರು ಇನ್ಸ್‌ಪೆಕ್ಟರು. ಆಮೇಲೆ ನನ್ನ ಕಡೆ ತಿರುಗಿ, “ಉಡದೆ ನೋಡಿರೋರು ಇಬ್ರೇ ಅಲ್ವಾ? ಇಬ್ರು ಪೂಜಾರಿಗಳನ್ನ ಒಬ್ಬೊಬ್ಬರಾಗಿ ಒಳಗೆ ಕಳಿಸ್ರಿ. ನೀವೂ ನಾನೂ ಇರಾಣ. ಅವರು ಏನಂತಾರೋ ಅದನ್ನ ಕೋರ್ಟಿಗೆ ಬರೀತೀನಿ.”

ಅದಕ್ಕೆ ಮುಂಚೆ ಪಡಸಾಲೆಯಲ್ಲಿ ಗೌಡರು ಪೂಜಾರಿಯ ಹೆಗಲ ಮೇಲೆ ಕೈಯಿಟ್ಟರು. ಬೇಸಿಗೆಯಿಂದೀಚೆಗೆ ಊರಿನವರೊಬ್ಬರು ಅವನನ್ನು ಮುಟ್ಟಿದ್ದು ಅದೇ ಮೊದಲೆಂದು ಕಾಣುತ್ತದೆ, ಅವನು ಬೆಚ್ಚಿದ. ನಾನು ಕಂಬದ ಪಕ್ಕದಲ್ಲೇ ನಿಂತಿದ್ದೆ.

“ನೋಡಪ್ಪ, ಆಗಿದ್ದು ಆಯ್ತು,” ಎಂದರು ಗೌಡರು, ಮೆತ್ತಗೆ. “ಒಳಗೋಗು, ನಮ್ಮಮ್ಮನೇ ಅನ್ನು, ಈಚೆ ಬಾ. ಹೊತ್ಕಂಡು ಹೋಗಾಣ. ಅಮ್ಮ ಲಾರಿಯಾಗೆ ಸಿಕ್ಕವ್ಳೆ ಅಂದ್ರೆ ಕದ್ದೋರು ಬ್ಯಾರೆ ಅಂತ ಆತಲ್ಲ. ನಿನ್ನ ಮ್ಯಾಲಿನ ಮಾತೂ ಮುಗೀತದೆ. ನಾಳೆ ನಾನೇ ಮೊದ್ಲು ತೀರ್ಥಕ್ಕೆ ಕೈ ಒಡ್ತೀನಿ.”

“ನೋಡ್ದಂಗೆ ಹೆಂಗನ್ನಲಿ ಗೌಡ್ರೇ?”

“ನೋಡೇ ಅನ್ನು. ಯಾರು ನೋಡ್ಬ್ಯಾಡ ಅಂದ್ರು? ನೋಡು, ಹೂಂ ಅನ್ನು.”

ಹೊಳಲ್ಕೆರೆಯ ಪೂಜಾರಿ ಮೊದಲು ಹೋದ. ಅರಿವೆಯ ಅಂಚು ಎತ್ತಿದ, ಹಾಗೆಯೇ ಗಳಗಳನೆ ಅತ್ತ, “ನಮ್ಮವ್ವನೇ ಸಾಮಿ” ಎಂದ. ಅವನ ಕಣ್ಣೀರು ಅರಿವೆಗಿಂತ ತುಸು ಮೊದಲೇ ಎದ್ದಿತೇನೋ ಎಂದು ನನಗೆ ಅನಿಸಿತು. ಆದರೆ ಕಣ್ಣೀರು ಇಂಥ ಹೊತ್ತಿಗೇ ಬರಬೇಕೆಂದು ನಿಯಮವಿಲ್ಲ, ನನಗೆ ಆಗ ಎಲ್ಲರ ಮೇಲೂ ಅನುಮಾನ ಪಡುವ ರೂಢಿ ಬೇರೆ ಆಗಿತ್ತು.

ಆಮೇಲೆ ನಮ್ಮ ಪೂಜಾರಿ ಬಂದ. ಅವನು ಒಳಗೆ ಬಂದವನೇ ಕೈ ತೊಳೆಯಲು ನೀರು ಕೇಳಿದ. ತೊಳೆದುಕೊಂಡು, ಟವೆಲ್ಲಿಗೆ ಒರೆಸಿಕೊಂಡು, ನಾವಿಬ್ಬರೂ ಗೋಡೆಗೆ ಮುಖ ಮಾಡಬೇಕೆಂದ. ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ಆ ದೇವಿಯನ್ನು ನಾನು ದಿನಗಟ್ಟಲೆ ಧೂಳು ಒರೆಸಿ ನೋಡಿದ್ದವನು. ಅವರು ಲಾರಿಯಿಂದ ಇಳಿಸಿದವರು. ಆದರೂ ಇಬ್ಬರೂ ಗೋಡೆಗೆ ತಿರುಗಿದೆವು. ಗೋಡೆಯ ಮೇಲೆ ಬೆಂಕಿ ಆರಿಸುವ ವಿಧಾನದ ಪಟ್ಟಿಯಿತ್ತು. ಅದನ್ನು ಎರಡು ಸಲ ಓದಿದೆ. ಹಿಂದೆ ಬಟ್ಟೆಯ ಸದ್ದಾಯಿತು, ಆಮೇಲೆ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಮತ್ತೆ ಬಟ್ಟೆಯ ಸದ್ದು.

“ತಿರುಗ್ರಿ,” ಎಂದ.

ಅವನು ಅರಿವೆಯನ್ನು ಮೊದಲಿನಂತೆ ಬರೀ ಹೊದಿಸಿರಲಿಲ್ಲ. ನಿರಿಗೆ ಹಿಡಿದು, ಸೆರಗು ಮಾಡಿ ಉಡಿಸಿದ್ದ.

“ಹೂಂ, ಹೇಳಪ್ಪ,” ಎಂದರು ಇನ್ಸ್‌ಪೆಕ್ಟರು.

“ನಮ್ಮದಲ್ರಿ.”

ಇನ್ಸ್‌ಪೆಕ್ಟರಿಗೆ ಗೌಡರ ಮಾತು ಕೇಳಿತ್ತೋ ಇಲ್ಲವೋ, ಅವರಿಗೂ ಇವನ ಸ್ಥಿತಿ ಗೊತ್ತಿತ್ತು. “ಆತುರ ಮಾಡ್ಬ್ಯಾಡ. ಬೇಸಿಗೆಯಾಗೆ ಹೋದದ್ದು, ಕಂಬಳಿಯಾಗೆ ತಿಕ್ಕಾಡಿರ್ತದೆ. ಇನ್ನೊಂದು ಕಿತ ನೋಡು. ನಾವು ಬೇಕಾದ್ರೆ ಮತ್ತೆ ತಿರುಗ್ತೀವಿ.”

“ನೋಡಿದೀನ್ರಿ.”

“ಯಾವ ಗುರ್ತಿನ ಮ್ಯಾಲೆ ಅಲ್ಲ ಅಂತೀಯ?”

“ಅದು ಹೇಳಂಗಿಲ್ರಿ.”

“ಲೇ, ಹೇಳಂಗಿಲ್ಲ ಅಂದ್ರೆ ನಾನೇನು ಬರ್ಕಳ್ಳಿ?”

“ಅಲ್ಲ ಅಂತ ಬರ್ಕಳ್ರಿ.”

ನಾನು ಬಾಯಿ ಹಾಕಿದೆ. ಹಾಕಬಾರದಿತ್ತು, ಸಾಕ್ಷಿಯಾಗಿ ನಿಂತವನು. “ಪೂಜಾರ್ರೇ, ಆಚೆ ಏನು ಕಾಯ್ತಾ ಐತೆ ಗೊತ್ತಲ್ಲ?” ಎಂದೆ.

ಅವನು ದೇವಿಯ ಸೆರಗಿನ ಮಡಿಕೆಯನ್ನು ಸರಿ ಮಾಡುತ್ತ, “ಇವಳು ಯಾರ ಮನೆಯೋಳೋ ಸಾರ್,” ಎಂದ. “ಕರ್ಕಂಡೋಗಿ ನಮ್ಮಮ್ಮನ ಜಾಗದಾಗೆ ಕುಂದ್ರಿಸಿ, ದಿನಾ ಬೆಳಗ್ಗೆ ಬಾಗ್ಲಾಕಿಕಂಡು ನಾನೊಬ್ನೇ ಇವಳ ಮುಖ ನೋಡ್ಬೇಕಲ್ಲ.”

ಇನ್ಸ್‌ಪೆಕ್ಟರು ಬರೆದುಕೊಂಡರು.

ಹೊರಗೆ ಸುದ್ದಿ ಹೇಳಿದಾಗ ಹೊಳಲ್ಕೆರೆಯ ತಮಟೆ ಮೊದಲು ಎದ್ದಿತು. ಹೊಸದುರ್ಗದವರು ಹಾರ ಹಿಡಿದುಕೊಂಡು ನಿಂತೇ ಇದ್ದರು. ಗೌಡರು ಪೂಜಾರಿಯನ್ನು ಬೈಯಲಿಲ್ಲ. ಅವನ ಮುಂದೆ ಬಂದು, ಎಲ್ಲರಿಗೂ ಕೇಳುವಂತೆ, ಆದರೆ ದನಿ ಏರಿಸದೆ, “ಮಾರಿದೋನಿಗೆ ಗೊತ್ತಿರ್ತದಪ್ಪ, ಇದಲ್ಲ ಅಂತ,” ಎಂದರು.

ನಾನು ಮತ್ತೆ ನನ್ನ ಉಪನ್ಯಾಸ ಶುರು ಮಾಡಿದೆ. ಮಾರಿದವನಾಗಿದ್ದರೆ ಇದೇ ನಮ್ಮದೆಂದು ಹೊತ್ತುಕೊಂಡು ಹೋಗಿ ಮುಚ್ಚಿಹಾಕುತ್ತಿದ್ದನಲ್ಲವೇ ಎಂದೆ. ಅದು ನನಗೆ ಗಟ್ಟಿಯಾದ ವಾದವೆಂದೇ ಈಗಲೂ ಅನಿಸುತ್ತದೆ. ಗೌಡರು ಕೇಳಿಸಿಕೊಂಡು, “ನೀವು ಫೋಟೋ ತೆಗ್ದಿದ್ರಲ್ಲ, ಅದನ್ನ ನೋಡಿ ಹೇಳ್ರಿ ಹಂಗಾದ್ರೆ,” ಎಂದು ಟೆಂಪೋ ಹತ್ತಿದರು. ಅದರಲ್ಲಿ ಪೂಜಾರಿಗೆ ಜಾಗವಿತ್ತು, ಯಾರೂ ಕರೆಯಲಿಲ್ಲ. ವಾಚ್‌ಮನ್ ಗೇಟು ಬಿಟ್ಟು, ಅಂದರೆ ಇಡೀ ಸಂಗ್ರಹಾಲಯವನ್ನು ದೇವರ ಮೇಲೆ ಬಿಟ್ಟು, ಅವನನ್ನು ಬಸ್‌ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋದ. ಇದು ಭದ್ರತಾ ನಿಯಮದ ಉಲ್ಲಂಘನೆ. ನಾನು ಟ್ರಸ್ಟಿನವರಿಗೆ ತಿಳಿಸಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಆ ಪ್ರಕರಣದ ಬಗ್ಗೆ ಬೇಕಾದಷ್ಟು ಯೋಚಿಸಿದ್ದೇನೆ. ಸಿಕ್ಕವಳು ಹೊಳಲ್ಕೆರೆಯವಳೇ ಎಂಬುದಕ್ಕೆ ಒಬ್ಬ ಪೂಜಾರಿಯ ಅಳು ಬಿಟ್ಟರೆ ಸಾಕ್ಷಿಯಿಲ್ಲ. ಹೊಸದುರ್ಗದವಳಲ್ಲ ಎಂಬುದಕ್ಕೆ ಇನ್ನೊಬ್ಬ ಪೂಜಾರಿಯ ಮಾತು ಬಿಟ್ಟರೆ ಸಾಕ್ಷಿಯಿಲ್ಲ. ನಾನು ಎರಡನೆಯದನ್ನು ನಂಬುತ್ತೇನೆ. ನ್ಯಾಯಾಲಯ ಎರಡನ್ನೂ ನಂಬಿತು. ಹೊಸದುರ್ಗ ಕಡೆಯ ಊರೂ ಎರಡನ್ನೂ ನಂಬಿತು, ಆದರೆ ಎರಡನೆಯದನ್ನು ಮಾರಿದವನ ಮಾತೆಂದು ನಂಬಿತು. ನಮ್ಮ ಪೂಜಾರಿ ಆಮೇಲೆ ಈ ಕಡೆ ಬರಲಿಲ್ಲ. ಸುದ್ದಿಯೇನಾದರೂ ಬಂದರೆ ತಿಳಿಸೋಣವೆಂದು ಅವನ ಫೋನ್ ನಂಬರು ಇಟ್ಟುಕೊಂಡಿದ್ದೇನೆ, ತಿಳಿಸುವಂಥದ್ದು ಬಂದಿಲ್ಲ.

ಲಾರಿಯಲ್ಲಿ ಸಿಕ್ಕ ವಿಗ್ರಹವನ್ನು ಹೊಳಲ್ಕೆರೆ ಕಡೆಯ ಊರಿಗೆ ಒಪ್ಪಿಸಲಾಯಿತು. ಹೊಸದುರ್ಗ ಕಡೆಯ ಊರಮ್ಮ ಈವರೆಗೆ ಪತ್ತೆಯಾಗಿಲ್ಲ. ಆ ಗುಡಿಯ ಪೂಜೆಯನ್ನು ಈಗ ಬೇರೆ ಮನೆತನದವರು ಮಾಡುತ್ತಿದ್ದಾರೆ.